ನೋಡಬಾರದ ಕಾಲು

ಫಾತಾಯಿಗೆ ಯಾವುದರ ಹೆದರಿಕೆ ಎಂದು ಕೇಳುವುದಕ್ಕಿಂತ ಯಾವುದರ ಹೆದರಿಕೆ ಇಲ್ಲ ಎಂದು ಕೇಳುವುದೇ ಸುಲಭ. ನಾಯಿಗೆ ಹೆದರುತ್ತಿದ್ದಳು, ಗುಡುಗಿಗೆ ಹೆದರುತ್ತಿದ್ದಳು. ಫೋನು ಬಡಿದುಕೊಂಡರೆ ಯಾರೋ ತೀರಿಕೊಂಡರೆಂದೇ ತೀರ್ಮಾನಿಸಿ, ಮೊದಲು ಕಣ್ಣೊರೆಸಿಕೊಂಡು ಆಮೇಲೆ ಎತ್ತಿಕೊಳ್ಳುತ್ತಿದ್ದಳು. ಟೋಂಗಾದ ವವಾವು ದ್ವೀಪಗಳಲ್ಲಿ ತೀರ ಚಿಕ್ಕದಾದ ಒಂದರಲ್ಲಿ ಹುಟ್ಟಿ, ಅಲ್ಲೇ ಐವತ್ತೆಂಟು ವರ್ಷ ಬಾಳಿದವಳು ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವಳಲ್ಲ. ಧೈರ್ಯವಂತರನ್ನು ಆ ಊರಿನವರು ದೊಡ್ಡ ಒಳಗಿನವರು ಎನ್ನುತ್ತಾರೆ, ಪುಕ್ಕಲರನ್ನು ಸಣ್ಣ ಒಳಗಿನವರು. ಫಾತಾಯಿಯ ಒಳಗು ಎಷ್ಟು ಸಣ್ಣದು ಎಂಬುದು ಹೆಂಗಸರು ಚಾಪೆ ಹೆಣೆಯಲು ಕೂತಾಗ ತಪ್ಪದೆ ಬರುತ್ತಿದ್ದ ತಮಾಷೆ. ಅವಳೂ ಅದಕ್ಕೆ ನಗುತ್ತಿದ್ದಳು, ಯಾಕೆಂದರೆ ನಗದಿದ್ದರೆ ಬೇಜಾರು ಮಾಡಿಕೊಂಡಾರು ಎಂಬ ಹೆದರಿಕೆ ಬೇರೆ ಇತ್ತು.

ಇಂಥವಳನ್ನು ಕಟ್ಟಿಕೊಂಡವನು ಮನಾಸೆ, ಮೀನು ಹಿಡಿಯುವವನು. ಬಿರುಗಾಳಿ ಬಂತು ಎಂದರೆ "ಬರಲಿ, ಹೋಗುತ್ತೆ" ಎಂದು ಮಗ್ಗಲು ಬದಲಿಸುವ ಆಸಾಮಿ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಗೆ ಗದರಿದ್ದು ನಾನಂತೂ ಕೇಳಿಲ್ಲ. ಫಾತಾಯಿಯ ಕೈಯಲ್ಲಿ ಮಾತ್ರ ಹೆದರಿಕೆ ಇರಲಿಲ್ಲ. ಕೇದಗೆಯ ಎಲೆಯನ್ನು ಎಳೆ ಎಳೆಯಾಗಿ ಸೀಳಿ ಅವಳು ಹೆಣೆದ, ಬಟ್ಟೆಯ ಮೇಲೆ ಸುತ್ತಿಕೊಳ್ಳುವ ಸೊಂಟದ ಚಾಪೆಯನ್ನು ಉಟ್ಟು ಚರ್ಚಿಗೆ ಹೋಗುವುದೆಂದರೆ ಆ ದ್ವೀಪದ ಗಂಡಸರಿಗೆ ಒಂದು ಹೆಮ್ಮೆ.

ಅವಳ ಅಣ್ಣ ವಿಲಿಸೋನಿ ಅವಳ ಅಂಗಳದಾಚೆಯ ಮನೆಯಲ್ಲಿದ್ದ. ಅರವತ್ತೊಂದು ವಯಸ್ಸು, ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಚರ್ಚಿನಲ್ಲಿ ಅವನು ಪ್ರಸಂಗಿ. ಸಂಬಳದ ಪಾದ್ರಿಯಲ್ಲ, ಸರದಿಯ ಮೇಲೆ ಎದ್ದು ನಿಂತು ಮಾತಾಡುವ ಊರಿನವರಲ್ಲಿ ಒಬ್ಬ, ಎಲ್ಲರಿಗಿಂತ ಚೆನ್ನಾಗಿ ಮಾತಾಡುವವನು. ಅವನ ತಾಳ್ಮೆಯನ್ನು ಊರು ಹಾಡಿ ಹೊಗಳುತ್ತಿತ್ತು. ಪಕ್ಕದವರ ಹಂದಿ ನುಗ್ಗಿ ಅವನ ಗೆಡ್ಡೆಯ ತೋಟವನ್ನೆಲ್ಲ ಉತ್ತುಹಾಕಿದ ದಿನ ಅವನು ಹಂದಿಯ ಕಿವಿ ಹಿಡಿದು ಅವರ ಮನೆಗೆ ಮುಟ್ಟಿಸಿ, "ಪಾಪ, ದಾರಿ ತಪ್ಪಿತ್ತು" ಎಂದು ಬಂದನಂತೆ. ಈ ಕತೆಯನ್ನು ನಾನೊಬ್ಬನೇ ಹತ್ತು ಸಲವಾದರೂ ಕೇಳಿದ್ದೇನೆ, ಪ್ರತಿ ಸಲವೂ ಹಂದಿ ಸ್ವಲ್ಪ ದಪ್ಪವಾಗಿರುತ್ತದೆ.

ಆ ಊರಿನಲ್ಲಿ ಗುಣವನ್ನು ಮಾತಾಡುವುದಕ್ಕೆ ಒಂದು ಕ್ರಮವಿದೆ. ಪರರದನ್ನು ತಲೆಯ ಮೇಲೆ ಹೊತ್ತು ಮಾತಾಡಬೇಕು, ತನ್ನದನ್ನೂ ತನ್ನವರದನ್ನೂ ಕಾಲಡಿ ಹಾಕಿ ಮಾತಾಡಬೇಕು. ಆರು ಜನ ಹೊತ್ತು ತಂದ ಹಂದಿಯನ್ನು ಇಳಿಸಿ, "ಏನೋ ಒಂದು ಇಲಿ ಸಿಕ್ತು, ತಪ್ಪು ತಿಳೀಬೇಡಿ" ಎನ್ನಬೇಕು. ಹಾಗೆಂದವನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ, ವಿನಯವಂತ ಎನ್ನುತ್ತಾರೆ. ಕೇಳಲು ಬಲು ಚೆನ್ನ. ಆದರೆ ಒಬ್ಬಳು ಬಾಯಿಬಿಟ್ಟು ನಿಜವನ್ನೇ ಹೇಳಿದಾಗ ಅದನ್ನು ನಿಜವೆಂದು ನಂಬುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಫಾತಾಯಿಯ ಪಾಡು ಅದೇ ಆಯಿತು.

ಅದಕ್ಕೂ ಮೊದಲು ಅಣ್ಣ ತಂಗಿಯರ ವಿಷಯ. ಗೌರವ ಎಂಬ ಮಾತನ್ನು ಆ ಜನ ಎಲ್ಲಕ್ಕಿಂತ ದೊಡ್ಡದಾಗಿ ಹಿಡಿದಿರುವುದು ಅಣ್ಣ ತಂಗಿಯರ ನಡುವೆ. ಫಾತಾಯಿಗೆ ಹನ್ನೆರಡು ತುಂಬಿದ ವರ್ಷ ವಿಲಿಸೋನಿ ಹಿತ್ತಲಿನ ಗುಡಿಸಲಿಗೆ ಮಲಗಲು ಹೋದ. ಅಂದಿನಿಂದ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತವರಲ್ಲ. ಒಬ್ಬರ ಹಾಸಿಗೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಒಬ್ಬರ ಮೈಯ ವಿಷಯ ಇನ್ನೊಬ್ಬರ ಬಾಯಲ್ಲಿ ಬರುವಂತಿಲ್ಲ. ಅಣ್ಣನಿಗೆ ಜ್ವರ ಬಂದರೂ ತಂಗಿಗೆ ತಿಳಿಯುವುದು ಅತ್ತಿಗೆಯ ಬಾಯಿಂದ. ಹಾಗೆಂದು ತಂಗಿ ಕೀಳಲ್ಲ. ಮನೆಯ ಯಜಮಾನಿಕೆ ಅಣ್ಣನದಾದರೂ ತಂಗಿ ಅವನಿಗಿಂತ ಮೇಲು. ಅವಳು ಎದುರು ನಿಂತು ಒಂದು ಮಾತು ಹೇಳಿದರೆ ಅವನು ಇಲ್ಲವೆನ್ನುವ ಹಾಗಿಲ್ಲ. ಆದ್ದರಿಂದಲೇ ಮರ್ಯಾದಸ್ಥ ತಂಗಿಯರು ಎದುರು ನಿಂತು ಏನನ್ನೂ ಹೇಳುವುದಿಲ್ಲ. ಫಾತಾಯಿ ನಲವತ್ತಾರು ವರ್ಷ ಹೇಳಿರಲಿಲ್ಲ. ಅತ್ತಿಗೆ ಇರುವ ತನಕ ಅಂಗಳದ ಆಚೆಯ ಸುದ್ದಿ ಈಚೆಗೆ, ಈಚೆಯದು ಆಚೆಗೆ ಬರುತ್ತಿತ್ತು. ಅವಳು ಸತ್ತ ಮೇಲೆ ಫಾತಾಯಿ ಕೆಸುವಿನೆಲೆಯಲ್ಲಿ ಮಾಂಸವನ್ನೂ ತೆಂಗಿನ ಹಾಲನ್ನೂ ಕಟ್ಟಿ ಬೇಯಿಸಿ ಕಳಿಸುವುದು, ಖಾಲಿ ಬಟ್ಟಲು ತೊಳೆದು ಬರುವುದು, ಇಷ್ಟೇ ಅವರ ನಡುವಿನ ಮಾತು.

ಒಂದು ಮಂಗಳವಾರ ವಿಲಿಸೋನಿ ತನ್ನ ಸೊಂಟದ ಚಾಪೆಯನ್ನು ರಿಪೇರಿಗೆ ಕಳಿಸಿದ. ಕೆಳಗಿನ ಅಂಚು ಬಿಚ್ಚಿಕೊಂಡಿತ್ತು. ತಂದುಕೊಟ್ಟವಳು ಲೆಸಿಯೆಲಿ, ಅವನ ಬಟ್ಟೆ ಒಗೆದುಕೊಡುತ್ತಿದ್ದ ನೆರೆಮನೆಯ ವಿಧವೆ. ಫಾತಾಯಿ ಅಂಚನ್ನು ಮಡಿಲಲ್ಲಿ ಹರಡಿಕೊಂಡು ಎಳೆ ಹುಡುಕತೊಡಗಿದಳು. ಅಲ್ಲೊಂದು ಹಳದಿ ಕಲೆ ಇತ್ತು, ಒಣಗಿ ಬಿರುಸಾಗಿತ್ತು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಆ ವಾಸನೆಯನ್ನು ಅವಳು ಹದಿನೇಳನೆಯ ವಯಸ್ಸಿನಲ್ಲಿ ಎರಡು ತಿಂಗಳು ಉಸಿರಾಡಿದ್ದಳು. ಅವಳ ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಕಾಲು ಕೊಳೆತು ಸತ್ತಿದ್ದ. ಏನಿಲ್ಲ, ಏನಿಲ್ಲ ಎನ್ನುತ್ತಲೇ ಸತ್ತಿದ್ದ.

ಸಂಜೆ ಮನಾಸೆ ಬಂದ ಕೂಡಲೇ ಅಂಚನ್ನು ಅವನ ಮೂಗಿಗೆ ಹಿಡಿದಳು. "ಏನು ವಾಸನೆ ಹೇಳು."

"ಮೀನು."

"ಮೀನಲ್ಲ."

"ಹಾಗಾದ್ರೆ ಹಳೇ ಮೀನು."

"ಅಪ್ಪನ ಕಾಲು, ಮನಾಸೆ. ಅಣ್ಣನಿಗೆ ಅಪ್ಪನ ಕಾಲು ಬಂದಿದೆ."

ಮನಾಸೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಭಾವಮೈದುನನ ಮನೆಗೆ ಹೋಗಿ ಬರಲು ಅವನಿಗೇನೂ ಅಡ್ಡಿಯಿರಲಿಲ್ಲ. ಅಂಗಳ ದಾಟಿ ಹೋದ. ಫಾತಾಯಿ ಕಿಟಕಿಯ ಪರದೆಯ ಹಿಂದೆ ನಿಂತು, ಆ ಮನೆಯ ದೀಪವನ್ನು ನೋಡುತ್ತ, ಬೆರಳಿಗೆ ಸುತ್ತಿದ ಎಳೆಯನ್ನು ಬೆರಳು ನೀಲಿಯಾಗುವ ತನಕ ಬಿಗಿದಳು. ಅವನು ತಿರುಗಿ ಬಂದಾಗ ಅವನ ಮುಖ ಅರಳಿತ್ತು. ಅದನ್ನು ಕಂಡೇ ಅವಳಿಗೆ ಭಯವಾಯಿತು.

"ಎಂಥಾ ಮನುಷ್ಯ ನಿಮ್ಮಣ್ಣ. ಕಾಲಿಗೇನಾಗಿದೆ ಅಂದೆ. ಹವಳದ ಕಲ್ಲು ತಾಗಿತ್ತು, ಒಣಗ್ತಾ ಇದೆ ಅಂದ. ಅಷ್ಟೇ. ಆಮೇಲೆ ನನ್ನ ಸೊಂಟನೋವು ಹೇಗಿದೆ ಅಂತ ಕೇಳ್ತಾ ಕೂತ. ತನ್ನದು ಒಂದಕ್ಷರ ಇಲ್ಲ, ನನ್ನ ಸೊಂಟದ್ದೇ ಚಿಂತೆ ಅವನಿಗೆ."

"ಕಾಲು ನೋಡಿದ್ಯಾ?"

"ಬೂಟು ಹಾಕ್ಕೊಂಡಿದ್ದ."

"ಮನೆ ಒಳಗೆ ಬೂಟು ಯಾಕೆ ಹಾಕ್ತಾನೆ?"

"ಅದೂ ಕೇಳಿದೆ. ಪ್ರಸಂಗಕ್ಕೆ ನಿಲ್ಲೋವಾಗ ಬೂಟಲ್ಲಿ ನಿಂತು ರೂಢಿ ಆಗ್ಲಿ ಅಂತ. ದೇವರ ಮನೆಗೆ ಚಪ್ಪಲಿಯಲ್ಲಿ ಹೋಗೋದು ಸರಿಯಲ್ಲ ಅಂತ ಮನಸ್ಸಿಗೆ ಬಂತಂತೆ. ಏನು ಗೌರವ ನೋಡು."

"ಬಿಚ್ಚು ಅನ್ನಬೇಕಿತ್ತು ನೀನು."

"ಪ್ರಸಂಗಿಯ ಬೂಟು ನಾನು ಬಿಚ್ಚಿಸೋದಾ, ಫಾತಾಯಿ? ಹವಳದ ಗಾಯ ಅಂದ್ನಲ್ಲ. ಸುಮ್ನೆ ಹೆದರಬೇಡ. ನೀನು ಫೋನಿಗೂ ಹೆದರ್ತೀಯ." ಇಷ್ಟು ಹೇಳಿ ಅವನು ಊಟಕ್ಕೆ ಕೂತ. ಜೀವಮಾನವಿಡೀ ಎಲ್ಲದಕ್ಕೂ ಹೆದರಿದವಳ ಕಷ್ಟ ಇದು. ಹೆದರಬೇಕಾದ್ದು ನಿಜವಾಗಿ ಬಂದ ದಿನವೂ ಅವಳ ಮಾತಿಗೆ ಬೆಲೆಯಿಲ್ಲ.

ಮರುದಿನ ಅವಳು ಲೆಸಿಯೆಲಿಯನ್ನು ಒಗೆಯುವ ಕಲ್ಲಿನ ಹತ್ತಿರ ಹಿಡಿದಳು. ನೇರ ಕೇಳಲು ನಾಲಿಗೆ ಬರಲಿಲ್ಲ. ಬಟ್ಟೆ ತುಂಬಾ ಇದೆಯಾ, ಸೋಪು ಸಾಕಾಗುತ್ತಾ ಎಂದೆಲ್ಲ ಸುತ್ತಿ, ಕೊನೆಗೆ ಕಾಲುಚೀಲದ ಮಾತೆತ್ತಿದಳು.

"ಕಾಲುಚೀಲ ನನಗೆ ಕೊಡೋದೇ ಇಲ್ಲ ಅಕ್ಕ. ತಾವೇ ಒಗ್ಕೋತಾರೆ. ಹೆಂಗಸರ ಕೈಗೆ ಅಂಥದ್ದು ಕೊಡಬಾರದು ಅಂತ. ನಮ್ಮ ಯಜಮಾನ್ರು ಇದ್ದಾಗ ಚಡ್ಡಿ ಎಲ್ಲಿ ಬಿಚ್ಚಿದ್ರೋ ಅಲ್ಲೇ ಬಿಟ್ಟು ಹೋಗೋರು." ಲೆಸಿಯೆಲಿ ಬಟ್ಟೆ ಹಿಂಡುತ್ತ ನಿಟ್ಟುಸಿರು ಬಿಟ್ಟಳು. "ಊಟಾನೂ ಕಮ್ಮಿ ಮಾಡಿದಾರೆ. ನೀವು ಕಳಿಸಿದ್ದರಲ್ಲಿ ಅರ್ಧ ನಂಗೇ ಕೊಡ್ತಾರೆ. ಉಪವಾಸ ಇರಬೇಕು, ಹೇಳ್ಕೊಳಲ್ಲ."

ಫಾತಾಯಿ ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದಳು. ಊಟ ಸೇರುತ್ತಿಲ್ಲ, ಅದು ಸಂಯಮವಾಯಿತು. ಕಾಲು ಮುಚ್ಚಿಕೊಂಡಿದ್ದಾನೆ, ಅದು ಗೌರವವಾಯಿತು. ಮೆಲ್ಲಗೆ ನಡೆಯುತ್ತಾನೆ, ಎಷ್ಟು ವಿನಯದ ನಡಿಗೆ ಎಂದು ನಿನ್ನೆಯಷ್ಟೇ ಯಾರೋ ಅಂದಿದ್ದರು. ಅವನ ಕಾಯಿಲೆಯ ಒಂದೊಂದು ಗುರುತನ್ನೂ ಊರು ಎತ್ತಿಕೊಂಡು ಒಂದೊಂದು ಒಳ್ಳೆಯ ಹೆಸರಿಟ್ಟು ಅವನ ತಲೆಯ ಮೇಲೆಯೇ ಇಡುತ್ತಿತ್ತು. ಹೀಗೇ ಆದರೆ ಸಾಯುವ ದಿನವೂ, ಎಷ್ಟು ಶಾಂತವಾಗಿ ಮಲಗಿದ್ದಾನೆ ನೋಡಿ ಎಂದಾರು. ಹೀಗೆ ಯೋಚಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು, ತಾನೇ ಬಾಯಾರೆ ಸಾವನ್ನು ಕರೆದೆನೇನೋ ಎಂದು.

ಉಳಿದವರು ಪಾದ್ರಿ ಸೈಮೋನೆ ಒಬ್ಬರು. ಶುಕ್ರವಾರ ಬೆಳಿಗ್ಗೆ ಫಾತಾಯಿ ಒಂದು ಬುಟ್ಟಿ ಗೆಡ್ಡೆ ಹೊತ್ತುಕೊಂಡು ಅವರ ಮನೆಗೆ ಹೋದಳು. ಹೋಗುವ ದಾರಿಯಲ್ಲಿ ಹೇಳಬೇಕಾದ ಮಾತನ್ನು ಇಪ್ಪತ್ತು ಸಲ ಹೇಳಿಕೊಂಡಳು. ಅಣ್ಣನ ಕಾಲು ಕೊಳೀತಿದೆ, ಅಯ್ಯನವರೇ, ನೀವು ನೋಡಿ. ಆರೇ ಆರು ಪದ. ಅವರ ಮುಂದೆ ನೆಲದ ಮೇಲೆ ಕೂತು ತಲೆ ತಗ್ಗಿಸಿದಾಗ ಆ ಆರರಲ್ಲಿ ಒಂದೂ ಹೊರಗೆ ಬರಲಿಲ್ಲ. ತಂಗಿಯಾದವಳು ಪಾದ್ರಿಯ ಎದುರು ಅಣ್ಣನ ಮೈಯ ಮಾತನ್ನು ಎತ್ತುವುದುಂಟೆ? ಅವಳ ಬಾಯಿಂದ ಬಂದದ್ದು ಬೇರೆಯೇ.

"ಅಣ್ಣನಿಗೆ ಇನ್ನು ಪ್ರಸಂಗ ಕೊಡಬೇಡಿ, ಅಯ್ಯನವರೇ. ಅವನ ಕೈಲಿ ಆಗಲ್ಲ."

"ಯಾಕಮ್ಮಾ ಹಾಗಂತೀರಿ?"

"ಅವನಿಗೆ ನಿಂತು ಮಾತಾಡೋ ಶಕ್ತಿ ಇಲ್ಲ. ಬೇರೆ ಯಾರಾದ್ರೂ ಒಳ್ಳೆಯವರಿಗೆ ಕೊಡಿ. ಅವನನ್ನ ನೀವೇ ಹೋಗಿ ಒಂದ್ಸಲ ನೋಡಿದ್ರೆ ನಿಮಗೇ ಗೊತ್ತಾಗುತ್ತೆ."

ಸೈಮೋನೆ ಅಯ್ಯನವರು ಕೆಟ್ಟವರಲ್ಲ, ದಡ್ಡರೂ ಅಲ್ಲ. ಅವರು ಹುಟ್ಟಿದಾಗಿನಿಂದ ಕೇಳಿದ ಮಾತೇ ಇದು. ತನ್ನವರನ್ನು ತಂಗಿಯೊಬ್ಬಳು ಇಷ್ಟು ಕೆಳಗಿಟ್ಟು ಮಾತಾಡಿದ್ದನ್ನು ಮಾತ್ರ ಅವರು ಹಿಂದೆ ಕೇಳಿರಲಿಲ್ಲ. ಅವರ ಕಣ್ಣು ತೇವವಾಯಿತು. "ಇಂಥಾ ತಂಗಿ ಇರೋದಕ್ಕೇ ಅವರು ಅಂಥಾ ಅಣ್ಣ" ಎಂದರು. "ನಾಡಿದ್ದು ಭಾನುವಾರಕ್ಕೆ ನೆಯಾಫು ಪಟ್ಟಣದಿಂದ ದೊಡ್ಡ ಅಯ್ಯನವರು ನಾಳೆನೇ ಬಂದಿಳೀತಾರೆ. ಯಾರನ್ನ ನಿಲ್ಲಿಸೋದು ಅಂತ ಮೂರು ದಿನದಿಂದ ಯೋಚನೆ ಮಾಡ್ತಿದ್ದೆ. ನೀವು ಬಂದು ನನ್ನ ಯೋಚನೆ ಮುಗಿಸಿದ್ರಿ. ವಿಲಿಸೋನಿಯವರೇ ನಿಲ್ಲಲಿ."

ಫಾತಾಯಿ ಬಾಯಿ ತೆರೆದಳು. "ಬೇಡ, ದಯವಿಟ್ಟು ಬೇಡ" ಎಂದಳು. ಅವಳು ಬೇಡವೆಂದಷ್ಟೂ ಅಯ್ಯನವರ ಮುಖ ಬೆಳಗಿತು. ಗೆಡ್ಡೆಯ ಬುಟ್ಟಿಯನ್ನು ಅವರೇ ಎದ್ದು ಒಳಗಿಟ್ಟರು.

ಮನೆಗೆ ಬಂದವಳು ಮನಾಸೆಗೆ ಹೇಳಲಿಲ್ಲ. ಸೊಂಟದ ಚಾಪೆಯ ಅಂಚನ್ನು ಹೆಣೆದು ಮುಗಿಸಿ, ಬಿಸಿಲಿಗೆ ಹಾಕಿ, ಕಳಿಸಿಕೊಟ್ಟಳು. ಆ ಎರಡು ದಿನ ಅವಳು ಏನು ತಿಂದಳೋ ಅವಳಿಗೇ ನೆನಪಿಲ್ಲ. ಎದುರು ಮನೆಯ ಬಾಗಿಲು ತೆರೆದರೆ ಅವಳ ಜೀವ ಹಾರುತ್ತಿತ್ತು, ತೆರೆಯದಿದ್ದರೆ ಇನ್ನೂ ಹಾರುತ್ತಿತ್ತು. ತಾನೇ ಹೋಗಿ ಹೇಳಬಹುದೆಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆ ಯೋಚನೆ ಬಂದಾಗಲೆಲ್ಲ ಯಾವುದಾದರೂ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಿದ್ದಳು.

ಭಾನುವಾರ ವಿಲಿಸೋನಿ ನಿಂತ. ಕರಿಯ ಬೂಟು, ಕರಿಯ ಕೋಟು, ತಂಗಿ ಸರಿಮಾಡಿದ ಚಾಪೆ. ತಾಳ್ಮೆಯ ಮೇಲೆ ಐವತ್ತು ನಿಮಿಷ ಮಾತಾಡಿದ. ಎರಡು ಕೈಯಲ್ಲೂ ಮೇಜಿನ ಅಂಚನ್ನು ಹಿಡಿದಿದ್ದ, ಬಿಟ್ಟಿದ್ದನ್ನು ಫಾತಾಯಿ ಕಾಣಲಿಲ್ಲ. ಹಣೆಯ ಬೆವರು ಪುಸ್ತಕದ ಮೇಲೆ ಬೀಳುತ್ತಿತ್ತು. ಅವಳ ಪಕ್ಕದ ಹೆಂಗಸು, "ಆತ್ಮ ಬಂದಿದೆ ಅವರ ಮೇಲೆ" ಎಂದು ಪಿಸುಗುಟ್ಟಿದಳು. ಜ್ವರ ಬಂದಿದೆ ಎಂದು ಫಾತಾಯಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಆಮೇಲೆ ಚರ್ಚಿನ ಹಿಂದಿನ ಚಪ್ಪರದಲ್ಲಿ ಊಟ. ನೆಲದೊಲೆಯಲ್ಲಿ ಸುಟ್ಟ ಹಂದಿ, ಗೆಡ್ಡೆ, ಮೀನು, ಕಲ್ಲಂಗಡಿ. ಮೇಲಿನ ಸಾಲಿನಲ್ಲಿ ದೊಡ್ಡ ಅಯ್ಯನವರು, ಅವರ ಬಲಕ್ಕೆ ಸೈಮೋನೆ, ಎಡಕ್ಕೆ ವಿಲಿಸೋನಿ. ಅವನು ಕಾಲು ಮಡಿಸಿ ಕೂರಲಾಗದೆ ಒಂದು ಕಾಲನ್ನು ಬದಿಗೆ ಚಾಚಿಕೊಂಡಿದ್ದ. ಫಾತಾಯಿಗೆ ಬಂದ ಕೆಲಸ ಬೀಸಣಿಗೆ ಹಿಡಿದು ಊಟದ ಮೇಲಿನ ನೊಣ ಓಡಿಸುವುದು. ಅವಳು ಹಂದಿಯ ಹತ್ತಿರ ಕೂತು ಬೀಸುತ್ತಿದ್ದಳು. ಒಬ್ಬೊಬ್ಬರೇ ಎದ್ದು ಮಾತಾಡತೊಡಗಿದರು. ಅತಿಥಿಯನ್ನು ಹೊಗಳಿದರು, ಪ್ರಸಂಗವನ್ನು ಹೊಗಳಿದರು, ಗೆಡ್ಡೆಯ ತೋಟಕ್ಕೆ ನುಗ್ಗಿದ ಹಂದಿಯ ಕತೆಯೂ ಬಂತು.

ಹಂದಿಯ ಮೇಲೆ ನೊಣವೇ ಇಲ್ಲ ಎಂಬುದು ಫಾತಾಯಿಗೆ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಜೇನಿನಂತೆ ಹೊಳೆಯುವ ಹಂದಿಯ ಚರ್ಮ, ಒಡೆದ ಕಲ್ಲಂಗಡಿ, ಒಂದರ ಮೇಲೂ ನೊಣವಿಲ್ಲ. ಬೀಸುವ ಕೈ ನಿಂತಿತು. ಅವಳು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು. ನೊಣಗಳೆಲ್ಲ ವಿಲಿಸೋನಿಯ ಬೂಟಿನ ಮೇಲಿದ್ದವು. ಹೊಲಿಗೆಯ ಉದ್ದಕ್ಕೂ ಕೂತಿದ್ದವು, ಕಾಲುಚೀಲದ ಬಾಯಲ್ಲಿ ಒಂದರ ಮೇಲೊಂದು ಹತ್ತಿ ಒಳಗೆ ನುಗ್ಗುತ್ತಿದ್ದವು. ಅವನಿಗೆ ಅದರ ಅರಿವೇ ಇರಲಿಲ್ಲ.

ಮಾತಾಡುತ್ತಿದ್ದ ಹಿರಿಯನೂ ಅದನ್ನು ಕಂಡ. ಕಂಡು, ಕೈಯಿಂದ ತೋರಿಸಿ, "ನೋಡಿ, ನೊಣ ಮುತ್ತಿದ್ರೂ ಕೈ ಎತ್ತಲ್ಲ ಈ ಮನುಷ್ಯ. ತಾಳ್ಮೆ ಅಂದ್ರೆ ಬಾಯಲ್ಲಿ ಹೇಳೋದಲ್ಲ, ಇದು" ಎಂದ. ಚಪ್ಪರದ ತುಂಬ ಹೌದು ಹೌದು ಎಂಬ ದನಿ ಎದ್ದಿತು.

ಫಾತಾಯಿ ಎದ್ದಳು. ಕೂತ ಹಿರಿಯರ ಮುಂದೆ ಹೆಂಗಸರು ಬೆನ್ನು ಬಗ್ಗಿಸಿ ದಾಟಬೇಕು. ಅವಳು ಬಗ್ಗಲಿಲ್ಲ, ಬಗ್ಗಿದರೆ ಅಲ್ಲೇ ಬಿದ್ದುಬಿಡುತ್ತಿದ್ದಳು. ಬೀಸಣಿಗೆಯನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ನಡೆದು ಅಣ್ಣನ ಎದುರು ಬಂದು ನಿಂತಳು. ಮಾತಾಡುತ್ತಿದ್ದವನು ನಿಲ್ಲಿಸಿದ. ವಿಲಿಸೋನಿ ತಲೆಯೆತ್ತಿ ನೋಡಿ, ತಕ್ಷಣ ಕಣ್ಣು ತಗ್ಗಿಸಿದ.

"ಅಣ್ಣ, ಬೂಟು ಬಿಚ್ಚು."

ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು.

"ಫಾತಾಯಿ, ಬೇಡ" ಎಂದ ಅವನು. ಹನ್ನೆರಡನೆಯ ವಯಸ್ಸಿನ ನಂತರ ಅವಳು ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಆಗಲೇ.

"ನಾನು ನಿನ್ನ ತಂಗಿ. ನಾನು ಹೇಳ್ತಿದೀನಿ. ಬಿಚ್ಚು."

ಹಿಂದಿನಿಂದ ಮನಾಸೆ, "ಏ, ಬಾ ಇಲ್ಲಿ" ಎಂದು ಮೆಲ್ಲಗೆ ಕರೆದ. ಯಾರೋ ಹೆಂಗಸು ಮುಖ ಮುಚ್ಚಿಕೊಂಡಳು. ದೊಡ್ಡ ಅಯ್ಯನವರು ತಟ್ಟೆಯನ್ನೇ ನೋಡುತ್ತಿದ್ದರು. ಫಾತಾಯಿಯ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು, ತೊಡೆಯೊಳಗೆ ಬಿಸಿಯಾಗಿ ಏನೋ ಇಳಿದಂತಾಯಿತು, ಆದರೂ ಅವಳು ಅಲ್ಲಾಡಲಿಲ್ಲ. ವಿಲಿಸೋನಿ ತಂಗಿಯ ಪಾದದ ಹತ್ತಿರದ ನೆಲವನ್ನು ನೋಡುತ್ತ ಕೈ ಚಾಚಿದ, ಬೆರಳಿಗೆ ಲೇಸು ಸಿಗಲಿಲ್ಲ. ಸೈಮೋನೆ ಅಯ್ಯನವರು ಬಗ್ಗಿ ಲೇಸು ಬಿಚ್ಚಿದರು. ಬೂಟು ಬಂತು, ಅದರ ಜೊತೆ ಕಾಲುಚೀಲವೂ, ಕಾಲುಚೀಲದ ಜೊತೆ ಚರ್ಮವೂ ಬಂತು. ಎರಡು ಬೆರಳು ಕಲ್ಲಿದ್ದಿಲಿನ ಹಾಗಿದ್ದವು. ಹಿಮ್ಮಡಿಯ ಮಾಂಸದಲ್ಲಿ ಹುಳ ಮಿಸುಕುತ್ತಿತ್ತು.

ಚಪ್ಪರದ ಅಂಚಿನಲ್ಲಿದ್ದವರೊಬ್ಬರು ಎದ್ದು ಹೋಗಿ ವಾಂತಿ ಮಾಡಿಕೊಂಡರು. ಸೈಮೋನೆ ಅಯ್ಯನವರು ಮಾತ್ರ ಬೂಟನ್ನು ಕೈಯಲ್ಲಿ ಹಿಡಿದು ಫಾತಾಯಿಯನ್ನೇ ನೋಡುತ್ತಿದ್ದರು. ಶುಕ್ರವಾರ ಅವಳು ಹೇಳಿದ್ದೇನೆಂದು ಅವರಿಗೆ ಆಗ ಅರ್ಥವಾಯಿತು. "ಮನಾಸೆ, ದೋಣಿ" ಎಂದರು. ಒಬ್ಬ ಹಿರಿಯ, "ಭಾನುವಾರ..." ಎಂದು ರಾಗ ಎಳೆದ. ಆ ಜನ ಭಾನುವಾರ ದೋಣಿಗೆ ಹಗ್ಗವನ್ನೂ ಕಟ್ಟುವವರಲ್ಲ.

"ಭಾನುವಾರದ ಪಾಪ ನನಗಿರಲಿ" ಎಂದರು ಅಯ್ಯನವರು, ಕೋಟು ಬಿಚ್ಚುತ್ತ. "ನೀವು ಆ ಕಡೆ ಹಿಡೀರಿ."

ಆಸ್ಪತ್ರೆ ನೆಯಾಫುವಿನಲ್ಲಿ, ದೋಣಿಯಲ್ಲಿ ಮುಕ್ಕಾಲು ಗಂಟೆ. ಫಾತಾಯಿ ಬರುವುದು ಬೇಡವೆಂದು ಮನಾಸೆ ಹೇಳಿದ, ಅವಳು ಆಗಲೇ ನೀರಿಗಿಳಿದಾಗಿತ್ತು. ಸೊಂಟದ ತನಕ ನೆನೆದು ಹತ್ತಿದಳು. ಅಣ್ಣನನ್ನು ದೋಣಿಯ ಉದ್ದಕ್ಕೆ ಮಲಗಿಸಿದ್ದರಿಂದ ಕೂರಲು ಜಾಗವಿದ್ದದ್ದು ಅವನ ಕಾಲಿನ ಹತ್ತಿರ ಮಾತ್ರ. ಅಲೆ ಬಡಿದಾಗಲೆಲ್ಲ ಆ ಕಾಲು ಹಲಗೆಗೆ ಬಡಿಯುತ್ತಿತ್ತು. ಮೂರು ಅಲೆ ತಡೆದಳು. ನಾಲ್ಕನೆಯದಕ್ಕೆ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ವಿಲಿಸೋನಿ ತೋಳನ್ನು ಕಣ್ಣಿನ ಮೇಲೆ ಹಾಕಿಕೊಂಡ. ದಾರಿಯುದ್ದಕ್ಕೂ ತೆಗೆಯಲಿಲ್ಲ. ಸಮುದ್ರವೋ, ಸಾಯುತ್ತಿರುವ ಅಣ್ಣನೋ, ಮುಟ್ಟಬಾರದ್ದನ್ನು ಮುಟ್ಟಿದ ತನ್ನ ಕೈಯೋ, ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಫಾತಾಯಿಗೆ ತಿಳಿಯದೆ ಮೂರಕ್ಕೂ ಹೆದರಿದಳು.

ಡಾಕ್ಟರು ಹುಡುಗಿಯ ವಯಸ್ಸಿನವಳು, ನೇರ ಮಾತಿನವಳು. "ವಿಷ ಮೇಲೆ ಏರಿದೆ. ಮೊಣಕಾಲಿನ ಕೆಳಗೆ ತೆಗೀಬೇಕು, ಇವತ್ತೇ. ಉಳೀತಾರೆ ಅಂತ ಈಗ ಹೇಳಕ್ಕಾಗಲ್ಲ." ಮತ್ತೆ, "ಇಷ್ಟು ದಿನ ಮನೇಲಿ ಯಾರೂ ನೋಡಲಿಲ್ವಾ?" ಎಂದಳು. ಮನಾಸೆ ನೆಲ ನೋಡಿದ. ಫಾತಾಯಿ, "ನಾನು ತಂಗಿ" ಎಂದಳು. ಡಾಕ್ಟರೂ ಆ ನಾಡಿನವಳೇ. ಮುಂದೆ ಕೇಳಲಿಲ್ಲ.

ಕಾಲು ತೆಗೆದರು. ಮೂರು ದಿನ ಜ್ವರ ಇಳಿಯಲಿಲ್ಲ. ಫಾತಾಯಿ ವಾರ್ಡಿನ ಹೊರಗೆ ಗೋಡೆಗೊರಗಿ ಚಾಪೆ ಹಾಸಿಕೊಂಡು ಕೂತಳು. ಅಣ್ಣ ಮಲಗಿದ ಕೋಣೆಗೆ ಹೋಗುವಂತಿರಲಿಲ್ಲ. ಆ ಭಾನುವಾರ ಏನೇ ನಡೆದಿರಲಿ, ಇಲ್ಲಿ ಕಟ್ಟಳೆ ಮತ್ತೆ ಬಂದು ಬಾಗಿಲಲ್ಲಿ ನಿಂತಿತ್ತು. ಮನಾಸೆ ಒಳಗೆ ಹೋಗಿ ಬರುತ್ತಿದ್ದ.

"ಏನಾದ್ರೂ ಅಂದ್ನಾ?"

"ನೀರು ಕೇಳಿದ."

"ನನ್ನ ಬಗ್ಗೆ?"

"ನೀರು ಕೇಳಿದ, ಫಾತಾಯಿ."

ಊರಿನಿಂದ ಲೆಸಿಯೆಲಿ ಫೋನು ಮಾಡುತ್ತಿದ್ದಳು. ಊರು ಎರಡಾಗಿದೆಯಂತೆ. ದೊಡ್ಡ ಅಯ್ಯನವರ ಎದುರು ಅಣ್ಣನ ಮಾನ ಕಳೆದವಳು, ಗೌರವ ಗೊತ್ತಿಲ್ಲದವಳು ಎಂದು ಅರ್ಧ ಊರು. ಉಳಿದರ್ಧ ಊರು, ಅಷ್ಟು ದೊಡ್ಡ ಒಳಗಿನ ಹೆಂಗಸು ಈ ದ್ವೀಪದಲ್ಲಿ ಹುಟ್ಟಿಲ್ಲ ಎನ್ನುತ್ತಿದೆಯಂತೆ. "ನಾನು ಎರಡನೇ ಗುಂಪಲ್ಲಿದೀನಿ ಅಕ್ಕ" ಎಂದಳು ಲೆಸಿಯೆಲಿ. ಫಾತಾಯಿಗೆ ಎರಡೂ ಬೇಕಿರಲಿಲ್ಲ. ಅವನು ಬದುಕಿದರೆ ಸಾಕು, ತನ್ನ ಮುಖ ನೋಡದಿದ್ದರೂ ಚಿಂತೆಯಿಲ್ಲ ಎಂದು ಮೊದಲ ದಿನ ಬೇಡಿಕೊಂಡಿದ್ದಳು. ಮೂರನೆಯ ದಿನದ ಹೊತ್ತಿಗೆ ಅವನು ಮುಖ ನೋಡದೆ ಬದುಕಿಬಿಟ್ಟರೆ ಹೇಗೆ ಎಂಬ ಭಯವೂ ಸೇರಿಕೊಂಡಿತು. ಹಾಗೆ ಭಯಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

ನಾಲ್ಕನೆಯ ದಿನ ಜ್ವರ ಬಿಟ್ಟಿತು. ಐದನೆಯ ದಿನ ಮಧ್ಯಾಹ್ನ ನರ್ಸು ಹೊರಗೆ ಬಂದು, "ನಿಮ್ಮನ್ನ ಕರೀತಿದಾರೆ" ಎಂದಳು.

"ಮನಾಸೇನ?"

"ಇಲ್ಲ. ತಂಗೀನ ಕರಿ ಅಂದ್ರು."

ಫಾತಾಯಿ ಬಾಗಿಲ ತನಕ ಹೋಗಿ ಹೊಸ್ತಿಲಲ್ಲಿ ನಿಂತಳು. ವಿಲಿಸೋನಿ ದಿಂಬಿಗೊರಗಿ ಕೂತಿದ್ದ. ಮುಖ ಒಂದು ಹಿಡಿಯಷ್ಟಾಗಿತ್ತು. ಹೊದಿಕೆ ಒಂದು ಕಡೆ ಮೊಣಕಾಲಿನಾಚೆ ಚಪ್ಪಟೆಯಾಗಿತ್ತು. ಅವಳು ಬೈಗುಳಕ್ಕೆ ಕಾದು ನಿಂತಳು. ಬೈದರೂ ತಲೆತಗ್ಗಿಸಿ ಕೇಳಬೇಕೆಂದು ಅಲ್ಲೇ ತೀರ್ಮಾನಿಸಿದಳು.

"ಒಳಗೆ ಬಾ" ಎಂದ ವಿಲಿಸೋನಿ, ಕಿಟಕಿಯ ಕಡೆ ನೋಡುತ್ತ.

ಬಂದಳು.

"ಡಾಕ್ಟ್ರಮ್ಮ ಹೇಳಿದ್ಲು, ಇನ್ನೊಂದು ಕಾಲನ್ನ ದಿನಾ ನೋಡ್ಕೋಬೇಕಂತೆ. ಬೆರಳಿನ ಸಂದಿ, ಅಂಗಾಲು, ಎಲ್ಲ." ಅವನು ದಿಂಬನ್ನು ಬೆನ್ನಿಗೆ ಎಳೆದುಕೊಂಡ. "ನನಗೆ ಅಷ್ಟು ದೂರ ಕಣ್ಣು ಕಾಣಲ್ಲ. ಒಂದು ವರ್ಷದಿಂದ ಕಾಣಲ್ಲ. ಆ ಕಾಲು ಹೇಗಿದೆ ಅಂತಾನೂ ನಾನು ನೋಡಿರಲಿಲ್ಲ. ವಾಸನೆ ಬರ್ತಿತ್ತು. ಅಪ್ಪನದ್ದೇ ವಾಸನೆ. ಯಾರಿಗಾದ್ರೂ ತೋರಿಸಿದ್ರೆ ಹೌದು ಅಂದುಬಿಡ್ತಾರೆ ಅಂತ ಬೂಟು ಹಾಕ್ಕೊಂಡೆ."

ಅಷ್ಟು ಹೇಳಿ ಅವನು ಹೊದಿಕೆಯನ್ನು ತಾನೇ ಎಳೆದು ಉಳಿದ ಕಾಲನ್ನು ಹೊರಗಿಟ್ಟ.

"ನೋಡು" ಎಂದ.

ಊರೆಲ್ಲ ತಾಳ್ಮೆ ಎಂದದ್ದು ಏನೆಂದು ಫಾತಾಯಿಗೆ ಆಗ ಗೊತ್ತಾಯಿತು. ತನ್ನೊಳಗೆ ಐವತ್ತೆಂಟು ವರ್ಷದಿಂದ ಇದ್ದದ್ದೇ ಅದು. ಅಂಗಳದ ಆಚೆ ಒಬ್ಬನೇ ಕೂತು, ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ಅವನು ತಿಂಗಳುಗಟ್ಟಲೆ ನಡುಗಿದ್ದ. ಅವಳಿಗೆ ಅಣ್ಣನ ಮೇಲೆ ಎಂದೂ ಇಲ್ಲದ ಮರುಕ ಉಕ್ಕಿ ಬಂತು. ಮಂಚದ ತುದಿಗೆ ಮಂಡಿಯೂರಿ ಕೂತು, ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಎಲೆಯ ಎಳೆ ಬಿಡಿಸುವ ಹಾಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಂದಿ ನೋಡಿದಳು, ಅಂಗಾಲು ನೋಡಿದಳು, ಹಿಮ್ಮಡಿಯನ್ನು ಒತ್ತಿ ನೋಡಿದಳು.

"ಏನೂ ಇಲ್ಲ ಅಣ್ಣ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

"ಇನ್ನೊಂದ್ಸಲ ನೋಡು" ಎಂದ ವಿಲಿಸೋನಿ. ಅವನ ಕೈ ಮಂಚದ ಸರಳನ್ನು ಬಿಗಿಯಾಗಿ ಹಿಡಿದಿತ್ತು.

ಫಾತಾಯಿ ಕಿರುಬೆರಳಿನಿಂದ ಮತ್ತೆ ಶುರುಮಾಡಿದಳು.